ಒಣ ಕಸ ಒಣಗಿರಲಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಬೆಣ್ಣೆ ದೋಸೆ ಬಿಟ್ಟು ಕಸದ ಮಾತು ಕೇಳಲು ಬಂದಿದ್ದೀರಿ. ದಾವಣಗೆರೆಯಲ್ಲಿ ಇದೇನು ಸಣ್ಣ ತ್ಯಾಗ ಅಲ್ಲ. ಹಾಗಾಗಿ ದೋಸೆಯಿಂದಲೇ ಶುರು ಮಾಡುತ್ತೇನೆ.

ಪಾರ್ಸೆಲ್ ತಂದು ತಿಂದಾಯ್ತು ಅಂದುಕೊಳ್ಳಿ. ಒಳಗೆ ಬಾಳೆ ಎಲೆ ಇದ್ದರೆ ಸುಲಭ, ಹಸಿ ಕಸಕ್ಕೆ ಹಾಕಿ. ಆದರೆ ಈಗ ಜಾಸ್ತಿ ಸಿಗುವುದು ಬಾಳೆ ಎಲೆಯ ಚಿತ್ರ ಇರುವ ಹಾಳೆ. ಅದನ್ನು ಮೆಲ್ಲಗೆ ಹರಿದು ನೋಡಿ. ಪೇಪರ್ ಹರಿಯುತ್ತದೆ, ಮೇಲಿನ ತೆಳು ಪ್ಲಾಸ್ಟಿಕ್ ಜಗ್ಗುತ್ತದೆ. ಅದು ಗೊಬ್ಬರವೂ ಆಗಲ್ಲ, ಪೇಪರ್ ಮಿಲ್ಲಿಗೂ ಬೇಡ. ಮಿಲ್ಲಿನಲ್ಲಿ ಹಳೇ ಪೇಪರನ್ನು ನೀರಲ್ಲಿ ನೆನೆಸಿ, ಗಂಜಿಯ ಹಾಗೆ ಮಾಡಿ, ಹೊಸ ಹಾಳೆ ತೆಗೆಯುತ್ತಾರೆ. ಬೆಣ್ಣೆ, ಎಣ್ಣೆ ಆ ಗಂಜಿಯಲ್ಲಿ ಕರಗಲ್ಲ, ಹಾಳೆಯ ಮೇಲೆ ಕಲೆಯಾಗಿ ಕೂರುತ್ತದೆ. ಮಿರ್ಚಿ ಕಟ್ಟಿದ ನ್ಯೂಸ್ ಪೇಪರ್‌ಗೂ ಇದೇ ಗತಿ. ಬರೀ ಮಂಡಕ್ಕಿ ಕಟ್ಟಿದ ಪೇಪರ್ ಆದರೆ ಪರವಾಗಿಲ್ಲ.

ಕಸ ಬೇರೆ ಮಾಡುವುದು ನಮಗೆ ಹೊಸದೇನಲ್ಲ. ನಮ್ಮ ಅಮ್ಮ ಪೇಪರ್ ಒಂದು ಕಡೆ, ಬಾಟಲಿ ಒಂದು ಕಡೆ ಇಟ್ಟು, ಗುಜರಿಯವರು ಬಂದಾಗ ತಕ್ಕಡಿ ಮುಂದೆ ಕೂತು ಜಗಳ ಆಡುತ್ತಿದ್ದರು. ಗುಜರಿಯವರು ಪ್ಲಾಸ್ಟಿಕ್ಕನ್ನು ಬಗ್ಗಿಸಿ, ತಟ್ಟಿ, ಯಾವ ಜಾತಿಯದು ಅಂತ ಹೇಳುತ್ತಾರೆ. ನಾವು ಬಾಟಲಿಯ ತಳದ ತ್ರಿಕೋನ ನೋಡಬೇಕು. ಒಳಗೆ 1 ಅಂತ ಇದ್ದರೆ ನೀರಿನ, ಜ್ಯೂಸಿನ ಬಾಟಲಿ. ಅದನ್ನು ಚೂರು ಮಾಡಿ, ಕರಗಿಸಿ, ಪಾಲಿಯೆಸ್ಟರ್ ನೂಲು ತೆಗೆಯುತ್ತಾರೆ. ಹತ್ತಿ ಮಿಲ್ಲುಗಳ ಊರಿನವರಿಗೆ ನೂಲಿನ ಬೆಲೆ ನಾನು ಹೇಳಬೇಕಾ?

ಚಿಪ್ಸ್ ಪ್ಯಾಕೆಟ್ಟನ್ನು ಮಾತ್ರ ಗುಜರಿಯವರು ಮುಟ್ಟಲ್ಲ. ಹಲವು ಪದರ ಸೇರಿಸಿ ಅಂಟಿಸಿರುತ್ತಾರೆ, ಬಿಡಿಸಲು ಆಗಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲು. ಅಲ್ಲೂ ಒದ್ದೆ ಕಸ ನಡೆಯಲ್ಲ.

ಈಗ ಹಾಲಿನ ಪ್ಯಾಕೆಟ್ಟು. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುಂಡು ಅಂಟಿಕೊಂಡೇ ಇರಲಿ. ಉಗುರಷ್ಟು ಚೂರನ್ನು ಯಾರು ಹೆಕ್ಕುತ್ತಾರೆ? ಸೀದಾ ಚರಂಡಿಗೇ ಹೋಗುತ್ತದೆ. ಖಾಲಿ ಆದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಗಿಡಕ್ಕೆ ಚೆಲ್ಲಿ. ಪ್ಯಾಕೆಟ್ಟು ಸೀಳಿ ಅಡುಗೆಮನೆ ಟೈಲ್ಸ್‌ಗೆ ಅಂಟಿಸಿ. ಒಣಗಿದರೆ ತಾನೇ ಉದುರುತ್ತದೆ. ನಮ್ಮ ಮನೆಯವರು ಮೊದಲು ನಕ್ಕರು. ಈಗ ಅವರೇ ಅಂಟಿಸುತ್ತಾರೆ.

ಬೆಂಗಳೂರಿನ ಕಥೆ ನಿಮಗೆ ಗೊತ್ತು. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಾಗ ಬೀದಿ ಬೀದಿಯಲ್ಲಿ ರಾಶಿ ಬಿತ್ತು. 2014ರಲ್ಲಿ, ಬೆಂಗಳೂರಿನ ಕಸ ಬಂದು ಬೀಳುತ್ತಿದ್ದ ಮಂಡೂರಿನ ಜನರೂ ಬೀದಿಗಿಳಿದರು. ಅವರ ಬಾವಿ, ಅವರ ಮಕ್ಕಳು, ಸಿಟ್ಟು ಬರದೇ ಇರುತ್ತದಾ? ಆಮೇಲೆ ಬೆಂಗಳೂರಿನಲ್ಲಿ ಎರಡು ಬಕೆಟ್, ಒಂದು ಚೀಲದ ಲೆಕ್ಕ ಬಂತು: ಹಸಿ ಕಸಕ್ಕೊಂದು ಬಕೆಟ್, ಪ್ಯಾಡ್, ಡೈಪರ್‌ನಂಥದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ. ಹಸಿ, ಒಣ, ಅಪಾಯಕಾರಿ ಅಂತ ಮೂರು ಭಾಗ ಮಾಡಿ ಕೊಡಬೇಕು ಅಂತ 2016ರ ದೇಶದ ನಿಯಮವೂ ಹೇಳಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು.

ನಾನು ಒಂದು ತಿಂಗಳು ಶಿಸ್ತಾಗಿ ಎರಡು ಬಕೆಟ್ ಇಟ್ಟೆ. ಕಸದ ಗಾಡಿಯವರು ಎರಡನ್ನೂ ಒಂದೇ ಕಡೆ ಸುರಿದರು! ಸಿಟ್ಟು ಬಂತು, ಕೇಳಿಯೇಬಿಟ್ಟೆ. "ಮೇಡಂ, ಇಡೀ ಬೀದಿಯಲ್ಲಿ ನಿಮ್ಮದೊಂದೇ ಮನೆ ಬೇರೆ ಮಾಡಿ ಕೊಡೋದು. ನಿಮ್ಮೊಬ್ಬರ ಕಸಕ್ಕೆ ಬೇರೆ ಜಾಗ ಎಲ್ಲಿಂದ ತರಲಿ?" ಅಂದರು. ನನ್ನ ಬಾಯಿ ಮುಚ್ಚಿತು. ಆಮೇಲೆ ಅಕ್ಕಪಕ್ಕದವರನ್ನು ಮಾತಾಡಿಸಿದೆ. ಹನ್ನೊಂದು ಮನೆಯವರು ಒಪ್ಪಿದರು. ಮರುವಾರ ಅದೇ ಗಾಡಿಯ ಹಿಂದೆ ಒಂದು ಗೋಣಿಚೀಲ ನೇತಾಡುತ್ತಿತ್ತು. ಒಣ ಕಸ ಅದಕ್ಕೆ.

ಆ ಚೀಲವನ್ನು ಕೊನೆಗೆ ಬಿಚ್ಚುವವರು ಬರಿಗೈಯಲ್ಲೇ ಕೆದಕುತ್ತಾರೆ. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಪೇಪರ್‌ನಲ್ಲಿ ಸುತ್ತಿ, ಬೇರೆಯಾಗಿ ಕೈಗೇ ಕೊಟ್ಟು ಹೇಳಿ. ಸುಮ್ನೆ ಒಳಗೆ ತುರುಕಬೇಡಿ. ಪ್ಯಾಡ್, ಡೈಪರ್ ಕೂಡ ಸುತ್ತಿ ಬೇರೆ ಕೊಡಿ.

ಮಾತು ಸಾಕು. ಈ ಚೀಲದಲ್ಲಿ ನಮ್ಮ ಮನೆಯ 10 ದಿನದ ಒಣ ಕಸ ಇದೆ. ಮೇಜಿನ ಮೇಲೆ ಸುರಿಯುತ್ತೇನೆ. ವಾಸನೆ ಬಂದರೆ ತಪ್ಪು ನನ್ನದು. ಮುಂದಿನ ಸಾಲಿನ ಅಕ್ಕಂದಿರೇ, ಸ್ವಲ್ಪ ಬನ್ನಿ. ಗುಜರಿಯವರು ಯಾವುದನ್ನು ತೂಕಕ್ಕೆ ಹಾಕುತ್ತಾರೆ, ಯಾವುದನ್ನು ವಾಪಸ್ ಎಸೆಯುತ್ತಾರೆ, ನೀವೇ ಹೇಳಿ.