ಪ್ರವೇಶಪತ್ರಕ್ಕೂ ಮುಂಚಿನ ಖರ್ಚು

ಅಧ್ಯಾಪಕ ಮಿತ್ರರೇ, ಪದವಿ ವಿದ್ಯಾರ್ಥಿಗಳೇ,

ಹೊರದೇಶದಲ್ಲಿ ಓದುವುದು ಉಳ್ಳವರ ಮಾತು ಅಂತ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಡೆದುಕೊಳ್ಳುವುದು ಹಾಗೆಯೇ. ನೋಟಿಸ್ ಬೋರ್ಡಿನಲ್ಲಿ ಪೊಲೀಸ್ ನೇಮಕಾತಿ, ಬ್ಯಾಂಕ್ ಪರೀಕ್ಷೆಯ ಪ್ರಕಟಣೆ ಇರುತ್ತವೆ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಸುತ್ತೋಲೆ ಅಂಟಿಸಿದ್ದನ್ನು ನಾನು ಕಂಡದ್ದು ಬಹಳ ಅಪರೂಪ.

ಈ ಯೋಜನೆ 1954-55ರಿಂದಲೇ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿಕಾರರು, ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ವರ್ಷಕ್ಕೆ 125 ಸ್ಥಾನ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಬೋಧನಾ ಶುಲ್ಕ, ವಿಮಾನದ ಟಿಕೆಟ್, ಅಲ್ಲಿನ ವಾಸದ ಖರ್ಚು ಸರ್ಕಾರದ್ದು. ಪರಿಶಿಷ್ಟ ಪಂಗಡದವರಿಗೆ ಬೇರೆ ಯೋಜನೆಯಿದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಎಂಬ ವಿದೇಶ ವ್ಯಾಸಂಗದ ಯೋಜನೆಯೂ ಇದೆ.

ತೊಡಕಿರುವುದು ಅದಕ್ಕೂ ಹಿಂದೆ. ಅರ್ಜಿ ಹಾಕಲು ವಿದೇಶಿ ವಿಶ್ವವಿದ್ಯಾಲಯದ ಷರತ್ತಿಲ್ಲದ ಪ್ರವೇಶಪತ್ರ ಕೈಯಲ್ಲಿರಬೇಕು. ಈಚೆಗೆ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ಕಿನ ಹಾಳೆಯಲ್ಲಿ ಲೆಕ್ಕ ಬರೆದು ತಂದಿದ್ದಳು. ಪಾಸ್‌ಪೋರ್ಟು, ಅಂಕಪಟ್ಟಿಯ ದೃಢೀಕರಣ, ಅರ್ಜಿ ಶುಲ್ಕ, ಹದಿನೈದು ಸಾವಿರ ದಾಟುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಒಂದೊಂದರ ಎದುರಿಗೂ ದುಡ್ಡು ಎಲ್ಲಿಂದ ಎಂದಿತ್ತು: ಚಿಕ್ಕಪ್ಪನ ಕೈಗಡ, ಅಮ್ಮನ ಸಂಘದ ಸಾಲ, ಅಡವಿಟ್ಟ ಓಲೆ. ಸೀಟು ಉಳಿಸಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಕಟ್ಟುವ ಡಿಪಾಸಿಟ್ ಎಂಬ ಸಾಲಿನ ಎದುರು ಖಾಲಿ. ಇದರಲ್ಲಿ ಅವಳ ಓದಿನ ಕೊರತೆ ಎಲ್ಲಿದೆ ಹೇಳಿ?

ಇನ್ನು, ಆಯ್ಕೆಯಾದ ಮೇಲೂ ನೆರವು ನಡುವೆ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಅಂಬೇಡ್ಕರ್ ಅವರ ಬದುಕನ್ನೇ ನೋಡಬಹುದು. ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ವೇತನದ ಅವಧಿ ಮುಗಿಯಿತು, ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ, ಗೆಳೆಯನ ಸಾಲ ಸೇರಿಸಿ 1920ರಲ್ಲಿ ಮತ್ತೆ ಹೊರಟರು. ಅಂಥ ಮೇಧಾವಿಯ ಮೂರು ವರ್ಷ ಹೀಗೆ ಹೋಯಿತು. 2025ರಲ್ಲಿ ಸಾಗರೋತ್ತರ ವೇತನಕ್ಕೆ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಜನಕ್ಕಷ್ಟೇ ತಾತ್ಕಾಲಿಕ ಮಂಜೂರಾತಿ ಬಂತು. ಉಳಿದವರಿಗೆ ಅನುದಾನ ಲಭ್ಯವಾದರೆ ಎಂಬ ಉತ್ತರ. ವಿಶ್ವವಿದ್ಯಾಲಯದ ತರಗತಿಗಳು ಅನುದಾನಕ್ಕಾಗಿ ಕಾಯುವುದಿಲ್ಲವಲ್ಲ!

ಯುರೋಪಿನವರು ಬೇರೆ ದೇಶಕ್ಕೆ ಓದಲು ಹೋಗುವವರಿಗೆ ನೆರವಾಗುವ ಎರಾಸ್ಮಸ್ ಪ್ಲಸ್ ಕಾರ್ಯಕ್ರಮದಲ್ಲಿ ಇದನ್ನು ಬೇರೆ ರೀತಿ ಯೋಚಿಸಿದ್ದಾರೆ. ಅವಕಾಶವಂಚಿತ ವಿದ್ಯಾರ್ಥಿಗೆ ಮಾಮೂಲಿ ವೇತನದ ಮೇಲೆ ತಿಂಗಳಿಗೆ 250 ಯೂರೋ ಹೆಚ್ಚು. ಅಂಗವೈಕಲ್ಯವಿರುವವರಿಗೆ ಸಹಾಯಕರ ಖರ್ಚಿನಂಥ ನಿಜವಾದ ವೆಚ್ಚವನ್ನೂ ಕೇಳಿ ಪಡೆಯಬಹುದು. ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ ಸಮಾನತೆಯಾಗದು ಎಂದು ಅವರು ಬಜೆಟ್ಟಿನಲ್ಲೇ ಒಪ್ಪಿಕೊಂಡಿದ್ದಾರೆ. ಅದೇ ಕುಟುಂಬದ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ವೇತನ, ತಿಂಗಳಿಗೆ 1,400 ಯೂರೋ, ನಮ್ಮ ವಿದ್ಯಾರ್ಥಿಗಳಿಗೂ ತೆರೆದಿದೆ. ಅರ್ಜಿಗಳು ಬಹುಪಾಲು ಅಕ್ಟೋಬರ್‌ನಿಂದ ಜನವರಿಯೊಳಗೆ.

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಂದು ಸಣ್ಣ ನಿಧಿ ಮಾಡಿ, ಪ್ರತಿ ವರ್ಷ ಇಬ್ಬರ ಐಇಎಲ್‌ಟಿಎಸ್ ಮತ್ತು ಅರ್ಜಿ ಶುಲ್ಕವನ್ನು ಕಾಲೇಜೇ ಕಟ್ಟಲಿ. ಎರಡನೇ ವರ್ಷದಲ್ಲೇ ಎಲ್ಲರ ಪಾಸ್‌ಪೋರ್ಟ್ ಅರ್ಜಿ ಹಾಕಿಸಿ. ಮೊದಲ ಕಂತಿಗೆ ನನ್ನ ಹೆಸರು ಬರೆದುಕೊಳ್ಳಿ.