ಅಜ್ಜಿ ಹೇಳಿದ ತೂಕ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದು ಇಪ್ಪತ್ತು ನಿಮಿಷ. ಸ್ವಾಗತ, ಹಾರ, ಶಾಲು ಅಂತ ಎಂಟು ನಿಮಿಷ ಆಗಲೇ ಹೋಯಿತು. ತುಮಕೂರಿನ ಸಭೆ ಅಂದ ಮೇಲೆ ಇಷ್ಟಾದರೂ ಇರಬೇಕು, ಅಲ್ವಾ?

ನನ್ನ ಮಾತು ಎಮರ್ಜೆನ್ಸಿಗೆ ಬರುವ ಮಕ್ಕಳ ಬಗ್ಗೆ. ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ, ಅಂದರೆ ತುರ್ತು ಚಿಕಿತ್ಸೆಯ ವಿಭಾಗಕ್ಕೆ, ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಅದನ್ನೇ ಕಲಿಯುತ್ತಾ ಇಲ್ಲಿ ಕೂತಿರುವ ರೆಸಿಡೆಂಟ್ ಡಾಕ್ಟರ್‌ಗಳು ಹಾರ್ಟ್ ಅಟ್ಯಾಕ್ ಬಂದರೆ ಜಗ್ಗುವವರಲ್ಲ. ಅದೇ ಒಬ್ಬ ತಾಯಿ ಮಗು ಎತ್ತಿಕೊಂಡು ಓಡಿ ಬರಲಿ, ಮಗುವಿಗಿಂತ ಮೊದಲು ಬಾಗಿಲ ಕಡೆ ನೋಡುತ್ತೀರಿ, ಮಕ್ಕಳ ಡಾಕ್ಟರ್ ಬಂದರಾ ಅಂತ. ನಗಬೇಡಿ, ನಾನೂ ಹಾಗೇ ಇದ್ದೆ.

ಈ ಕಥೆ ಕೇಳಿದವರು ಇನ್ನೊಮ್ಮೆ ಸಹಿಸಿಕೊಳ್ಳಿ. ರಾತ್ರಿ ಹನ್ನೊಂದು ಗಂಟೆ. ಶಿರಾ ಕಡೆಯಿಂದ ನಾಲ್ಕು ವರ್ಷದ ಹುಡುಗ. ಫಿಟ್ಸ್ ನಿಂತೇ ಇಲ್ಲ. ಮಕ್ಕಳಿಗೆ ಔಷಧಿ ತೂಕದ ಲೆಕ್ಕದಲ್ಲಿ, ಅದಕ್ಕೆ ತೂಕ ಅಂದಾಜು ಮಾಡುವ ಸೂತ್ರ ಹಾಕಿದೆ. ವಯಸ್ಸಿಗೆ ನಾಲ್ಕು ಕೂಡಿಸಿ, ಎರಡರಿಂದ ಗುಣಿಸಿದರೆ ಹದಿನಾರು ಕೆಜಿ. ಫಿಟ್ಸ್ ನಿಲ್ಲಿಸುವ ಔಷಧಿ ಮಿಡಜೋಲಮ್. "ಹದಿನಾರು ಕೆಜಿಗೆ ಮಿಡಜೋಲಮ್ ಎಳೀರಿ" ಅಂತ ಸಿಸ್ಟರ್‌ಗೆ ಕೂಗಿದೆ. ಮೂಲೆಯಲ್ಲಿ ಅವನ ಅಜ್ಜಿ ನಿಂತಿದ್ದರು. ಕೈಯಲ್ಲಿ ಹುಡುಗನ ಒಂದೇ ಒಂದು ಚಪ್ಪಲಿ. "ಯಾರಪ್ಪಾ ಹದಿನಾರು? ಮೊನ್ನೆ ಅಂಗನವಾಡೀಲಿ ತೂಗವ್ರೆ, ಹನ್ನೆರಡೇ ಕೇಜಿ. ಸರ್ಯಾಗಿ ಉಣ್ಣಲ್ಲ ಇವ್ನು" ಅಂದರು. ಸಿಸ್ಟರ್ ಸಿರಿಂಜ್ ಹಿಡಿದು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಹನ್ನೆರಡಕ್ಕೇ ಕೊಟ್ಟೆವು. ಫಿಟ್ಸ್ ನಿಂತಿತು. ಅಂಗನವಾಡಿ ತಕ್ಕಡಿ ನನ್ನ ಎಂ.ಡಿ.ಗಿಂತ ಸರಿಯಾಗಿತ್ತು.

ಮಗುವಿನ ಉದ್ದ ಅಳೆದು ತೂಕ ಹೇಳುವ ಬ್ರೋಸ್ಲೋ ಅವರ ಬಣ್ಣದ ಟೇಪ್ ಇದೆಯಲ್ಲ ಸರ್, ಅನ್ನುತ್ತೀರಿ. ಇದೆ. ಅದು ಅಮೆರಿಕದ ಮಕ್ಕಳ ಅಳತೆ. ನಮ್ಮ ಸಣಕಲು ಮಕ್ಕಳನ್ನು ಜಾಸ್ತಿ ತೂಗಿಬಿಡುತ್ತದೆ. ಟೇಪ್ ಹಿಡಿಯಿರಿ, ಅಜ್ಜಿಯನ್ನೂ ಕೇಳಿ.

ಹಾವು ಕಚ್ಚಿದ್ದರೆ ಮಾತ್ರ ತೂಕದ ಮಾತೇ ಬೇಡ. ಕೊಳಕುಮಂಡಲಕ್ಕೆ ಇದು ಮಗು ಅಂತ ಗೊತ್ತಾಗುತ್ತದಾ? ದೊಡ್ಡವರಿಗೆ ಬಿಡುವಷ್ಟೇ ವಿಷ ಬಿಡುತ್ತದೆ. ಆದ್ದರಿಂದ ದೊಡ್ಡವರಿಗೆ ಕೊಡುವಷ್ಟೇ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಮಗುವಿಗೂ. ಅರ್ಧ ಡೋಸ್ ಕೊಟ್ಟು ಕಳಿಸಿದ ಮಕ್ಕಳನ್ನು ನಾನು ನೋಡಿದ್ದೇನೆ.

ಈಗ ನನ್ನ ಹಳೇ ರಾಗ. ರೆಸಿಡೆಂಟ್‌ಗಳನ್ನು ಸುಮ್ನೆ ಐಸಿಯುಗೆ ಕಳಿಸಿದರೆ ಸಾಲದು, ಲಸಿಕೆ ಹಾಕುವ ದಿನ ಒಪಿಡಿಯಲ್ಲಿ ಕೂರಿಸಿ. ಚೆನ್ನಾಗಿರುವ ಮಗು ಹೇಗೆ ಅಳುತ್ತದೆ, ಅಮ್ಮನ ಸೆರಗು ಹೇಗೆ ಎಳೆಯುತ್ತದೆ ಅಂತ ನೂರು ಸಲ ನೋಡಲಿ. ಆಗಲೇ ಅಳದೆ ಬಿದ್ದಿರುವ ಮಗುವನ್ನು ಕಂಡು ಹೊಟ್ಟೆಯಲ್ಲಿ ತಳಮಳ ಆಗುವುದು. ಬಿಪಿ ನಂಬಿ ಕೂರಬೇಡಿ, ಮಕ್ಕಳಲ್ಲಿ ಅದು ಬೀಳುವುದು ಕೊನೆಗೆ. ಬಾಗಿಲಲ್ಲೇ ನಿಂತು ಅರ್ಧ ನಿಮಿಷ ನೋಡಿ: ಅಮ್ಮನ ಕಡೆ ತಿರುಗುತ್ತದಾ, ಉಸಿರಿಗೆ ಪಕ್ಕೆ ಒಳಗೆ ಎಳೆಯುತ್ತದಾ, ಮೈ ಬಣ್ಣ ಹೇಗಿದೆ.

ಸಮಯ ಮುಗಿಯಿತು ಅಂತ ಚೀಟಿ ಬಂತು. ಅಪ್ಪ-ಅಮ್ಮನ ಜೊತೆ ಮಾತಾಡುವುದು, ರೆಫರ್ ಮಾಡುವುದು, ಇವೆರಡನ್ನೂ ಬಿಡುತ್ತೇನೆ. ಲಸಿಕೆ ದಿನದ ಮಾತು ಮಾತ್ರ ಮರೀಬೇಡಿ ಮೇಡಂ, ಡ್ಯೂಟಿ ಪಟ್ಟಿ ಹಾಕುವವರು ನೀವೇ.

ಊಟ ಆದ ಮೇಲೆ ಪಕ್ಕದ ರೂಮಿಗೆ ಬನ್ನಿ. ನರ ಸಿಗದಿದ್ದರೆ ಮೂಳೆಗೇ ಸೂಜಿ ಹಾಕುವುದನ್ನು ಕಲಿಸುತ್ತೇವೆ. ಅದಕ್ಕೆ ಅರವತ್ತು ಕೋಳಿ ಕಾಲು ತರಿಸಿದ್ದೇವೆ. ಎಣಿಸಿದ್ದೇನೆ. ಅವು ಊಟದ ಲೆಕ್ಕದಲ್ಲಿ ಇಲ್ಲ.