ಸೊಕ್ಕಿದ್ದವರಿಗೆ ಯಾಣ: ಮಾಡ್‌ನ ಕೊನೆಯ ಕತ್ತಿ ಎಷ್ಟು ಹರಿತ ಇರಬೇಕು?

ಎಲ್ಲರಿಗೂ ನಮಸ್ಕಾರ. ಶಿರಸಿಯ ಈ ಮಳೆಯಲ್ಲಿ ಛತ್ರಿ ಹಿಡಿದುಕೊಂಡು ಆಟದೊಳಗಿನ ಕತ್ತಿಯ ಕಥೆ ಕೇಳಲು ಇಷ್ಟು ಜನ ಬಂದಿದ್ದೀರಿ. ಹಿಂದಿನ ಸಾಲಿನ ಹಿರಿಯರಿಗೆ ಒಂದು ಮಾತು. ಮೈನ್‌ಕ್ರಾಫ್ಟ್ ಅಂದರೆ ಚೌಕ ಚೌಕ ಕಲ್ಲು ಅಗೆದು, ಮನೆ ಕಟ್ಟಿ, ಬದುಕುವ ಆಟ. ಮಾಡ್ ಅಂದರೆ ಆ ಆಟಕ್ಕೆ ನಾವೇ ಸೇರಿಸುವ ಸಾಮಾನು. ಇಷ್ಟು ಗೊತ್ತಿದ್ದರೆ ಸಾಕು.

ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಮಾಡ್ ಬರೆದೆವು. ಅದರ ಕೊನೆಯ ಆಯುಧಕ್ಕೆ ‘ಯಾಣದ ಕತ್ತಿ’ ಅಂತ ಹೆಸರಿಟ್ಟೆವು. ಕಪ್ಪು ಬಣ್ಣ, ಮೇಲೆ ಮೊನಚು, ಥೇಟ್ ಯಾಣದ ಕಪ್ಪು ಬಂಡೆ, ಭೈರವೇಶ್ವರ ಶಿಖರ. ಒಂದು ಏಟಿಗೆ ಶತ್ರುವಿನ ಜೀವದಲ್ಲಿ 40 ಅಂಕ ಇಳಿಯುತ್ತದೆ. ಆಟದ ವಜ್ರದ ಕತ್ತಿಯದ್ದು 7, ಎಲ್ಲಕ್ಕಿಂತ ಮೇಲಿನ ನೆದರೈಟ್ ಕತ್ತಿಯದ್ದು 8. ನಮ್ಮದು 40! ಆ ಸಾಲು ಬರೆದದ್ದು ನಾನೇ. ಬೈಯುವುದಿದ್ದರೆ ನನಗೇ ಬೈಯಿರಿ.

ಆಟದಲ್ಲಿ ವಾರ್ಡನ್ ಅಂತ ಒಂದು ಕುರುಡು ಪ್ರಾಣಿ ಇದೆ. 2022ರಲ್ಲಿ ಬಂತು. ನೆಲದಾಳದ ಕತ್ತಲಲ್ಲಿ ನಮ್ಮ ಹೆಜ್ಜೆಯ ಕಂಪನ ಹಿಡಿದು ಬೆನ್ನು ಹತ್ತುತ್ತದೆ. ಅದರ ಜೀವ 500 ಅಂಕ, ಅಂದರೆ ಬರೀ ವಜ್ರದ ಕತ್ತಿಗೆ 72 ಏಟು. ಕೊಂದರೂ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ. ಕಂಡರೆ ಓಡಲಿ ಅಂತಲೇ ಮಾಡಿದ ಪ್ರಾಣಿ ಅದು. ನಮ್ಮ ಕತ್ತಿಗೆ 13 ಏಟು ಸಾಕಾಯಿತು. ಎರಡು ತಿಂಗಳು ಅಗೆದ ಮೇಲೆ ಒಂದು ಶನಿವಾರ ಕತ್ತಿ ಸಿಕ್ಕಿತು. ಭಾನುವಾರ ವಾರ್ಡನ್‌ಗಳು ಸಾಲಾಗಿ ಸತ್ತವು. ಸೋಮವಾರ ನಾವೆಲ್ಲ ಸೇರಿ ಆಡುವ ಸರ್ವರ್ ಖಾಲಿ. ಒಬ್ಬನಿಗೆ ಫೋನ್ ಮಾಡಿದರೆ, “ಬಂದು ಎಂತ ಮಾಡೋದು ಮಾರಾಯ?” ಅಂದ.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು. ಶತ್ರುಗಳ ಬಲ ಏರಿಸಿದೆವು. ಅದಕ್ಕೆ ತಕ್ಕ ಹಾಗೆ 50 ಅಂಕದ ಕವಚ ತಂದೆವು. ಆಟ ಅದನ್ನು 30ಕ್ಕೇ ಕತ್ತರಿಸಿತು. ಕವಚ ಎಷ್ಟೇ ದಪ್ಪ ಇರಲಿ, ಅದೊಂದರಿಂದಲೇ ಏಟಿನ ಶೇ. 80ಕ್ಕಿಂತ ಜಾಸ್ತಿ ತಡೆಯಲು ಆಟದ ಸೂತ್ರ ಬಿಡುವುದಿಲ್ಲ. ಅಷ್ಟರಲ್ಲಿ ಹೊಸದಾಗಿ ಬಂದ ಹುಡುಗ ಗುಡಿಸಲು ಕಟ್ಟುವ ಮೊದಲೇ ಮೂರು ಸಲ ಸತ್ತಿದ್ದ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಆಟಗಾರನ ಜೀವ 20. ಸಾಧಾರಣ ಮಟ್ಟದ ಆಟದಲ್ಲಿ ವಾರ್ಡನ್ ಒಂದು ಗುದ್ದು ಕೊಟ್ಟರೆ 30. ಮಂತ್ರ ಹಾಕದ ಕಬ್ಬಿಣದ ಕವಚ ಪೂರ್ತಿ ತೊಟ್ಟಿದ್ದರೂ 26.4 ಮೈಗೆ ತಾಗುತ್ತದೆ, ಒಂದೇ ಗುದ್ದಿಗೆ ಕಥೆ ಮುಗಿಯಿತು. ವಜ್ರದ ಕವಚ ಇದ್ದರೆ 15. ನೆದರೈಟ್ ಇದ್ದರೆ 13.2. ವಜ್ರ, ನೆದರೈಟ್ ಎರಡರಲ್ಲೂ ಒಂದು ಗುದ್ದು ತಾಳಬಹುದು, ಎರಡನೆಯದಕ್ಕೆ ಸಾವು. ಕಬ್ಬಿಣದಿಂದ ವಜ್ರಕ್ಕೆ ಹೋದಾಗ ಒಂದು ಗುದ್ದಿನ ಉಸಿರು ಸಿಕ್ಕಿತು. ವಜ್ರದಿಂದ ನೆದರೈಟ್‌ಗೆ ಹೋದಾಗ ಇಲ್ಲಿ ಅದೂ ಸಿಗಲಿಲ್ಲ. ಹಾಗಾಗಿ ನಾನು ಈಗ ಅಂಕ ನೋಡುವುದನ್ನೇ ಬಿಟ್ಟಿದ್ದೇನೆ. ಎಷ್ಟು ಏಟಿಗೆ ಸಾಯುತ್ತಾರೆ, ಅದನ್ನು ಮಾತ್ರ ಎಣಿಸುತ್ತೇನೆ.

ಹಾಗಾದರೆ ನೆದರೈಟ್ ಸುಮ್ನೆ ಯಾಕೆ? ಸುಮ್ನೆ ಅಲ್ಲ. 2020ರಲ್ಲಿ ಅದು ಬಂದಾಗ ಕತ್ತಿಯ ಬಲ ಏರಿದ್ದು ಒಂದೇ ಅಂಕ. ಆದರೆ ಆ ಕತ್ತಿ ಲಾವಾಕ್ಕೆ ಬಿದ್ದರೂ ಸುಡುವುದಿಲ್ಲ, ಮೇಲೆ ತೇಲುತ್ತದೆ. ಲಾವಾದ ಹತ್ತಿರ ಸತ್ತು ಎಲ್ಲ ಕಳೆದುಕೊಂಡವರಿಗೆ ಅದರ ಬೆಲೆ ಗೊತ್ತು. ಹಳೆಯ ವಜ್ರದ ಕತ್ತಿಯನ್ನು ಬಿಸಾಡುವ ಹಾಗೂ ಇಲ್ಲ. ಅದನ್ನೇ ನೆದರೈಟ್‌ಗೆ ಏರಿಸಬೇಕು.

ನಮ್ಮ ಅಡಿಕೆ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ, ಅಂದರೆ ಕೊಯ್ಯುವ ಉದ್ದ ಕೋಲು, ಬಂದದ್ದೂ ಹೀಗೇ ಅಲ್ವಾ? ಮರ ಹತ್ತುವ ಕಷ್ಟ ತಪ್ಪಿತು. ಆದರೆ ಹಣ್ಣಾದ ಅಡಿಕೆ ಗೊನೆ ಯಾವುದು ಅಂತ ನೆಲದಲ್ಲೇ ನಿಂತು ಗುರುತು ಹಿಡಿಯಬೇಕು, ಅದಕ್ಕೆ ಗೊನೆ ಕೊಯ್ಯುವ ಕೊನೆಗೌಡನ ಕಣ್ಣೇ ಬೇಕು. ಕುತ್ತಿಗೆ ನೋವು ಮಾತ್ರ ಹೊಸದಾಗಿ ಬಂತು. ಒಳ್ಳೆಯ ಕೊನೆಯ ಆಯುಧ ಅಂದರೆ ನನಗೆ ಇದು. ಒಂದು ಕಷ್ಟ ಕಳೆಯಬೇಕು, ಕೆಲಸ ಕಳೆಯಬಾರದು.

ಟೆರೇರಿಯಾ ಆಟದವರು ಇನ್ನೂ ಚೆನ್ನಾಗಿ ಮಾಡಿದ್ದಾರೆ. 2020ರ ಮೇ ತಿಂಗಳಲ್ಲಿ ಜೆನಿತ್ ಅನ್ನುವ ಕತ್ತಿ ತಂದರು. ಅದನ್ನು ಮಾಡಲು ಹತ್ತು ಕತ್ತಿ ಬೇಕು. ಕೊನೆಯ ದೊಡ್ಡ ಶತ್ರು ಮೂನ್ ಲಾರ್ಡ್‌ನಿಂದ ಸಿಗುವ ಕತ್ತಿಗಳೂ ಅದರಲ್ಲಿವೆ, ಆಟದ ಮೊದಲ ನಿಮಿಷದಲ್ಲಿ ಕೈಯಲ್ಲಿದ್ದ ತಾಮ್ರದ ಚೂರಿಯೂ ಇದೆ. ಆ ಚೂರಿಯನ್ನು ಯಾವ ಪೆಟ್ಟಿಗೆಯಲ್ಲಿ ಎಸೆದೆ ಅಂತ ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದೇನೆ!

ನಮ್ಮ ಕತ್ತಿಗೆ ವಾಪಸ್ ಬರೋಣ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅನ್ನುತ್ತಾರಲ್ಲ, ಕತ್ತಿ ಮಾಡುವ ನಮ್ಮ ಹಳೆಯ ವಿಧಾನದಲ್ಲಿ ರೊಕ್ಕದ ಗೋಕರ್ಣ ಮಾತ್ರ ಇತ್ತು. 9 ನೆದರೈಟ್ ಬ್ಲಾಕ್ ಬೇಕಿತ್ತು. ಒಂದು ಬ್ಲಾಕ್‌ಗೆ 9 ಗಟ್ಟಿ, ಒಂದು ಗಟ್ಟಿಗೆ 4 ಚೂರು, ಒಟ್ಟು 324 ಚೂರು. ರಜೆ ಇದ್ದ ಹುಡುಗರು ಅಗೆದರು, ಕೆಲಸಕ್ಕೆ ಹೋಗುವವರು ಸೋತರು. ಈಗ ಸೊಕ್ಕಿನ ಯಾಣದ ದಾರಿಯನ್ನೂ ಇಟ್ಟಿದ್ದೇವೆ. ವಾರ್ಡನ್ ಇರುವ ಪಾಳು ಪಟ್ಟಣಕ್ಕೆ ಇಳಿದು, ಅದನ್ನು ಕೊಲ್ಲದೆ, ಒಂದು ಕಪ್ಪು ಕಲ್ಲು ಹೊತ್ತು ತಂದರೆ ಸಾಕು. ಹೋಗುವಾಗ ಹೆಜ್ಜೆಯ ಕಂಪನ ಅದಕ್ಕೆ ಸಿಗದ ಹಾಗೆ ಎಲ್ಲರೂ ಮತ್ತೆ ಬಗ್ಗಿ ನಡೆಯುತ್ತಿದ್ದಾರೆ.

ಕತ್ತಿಯ ಬಲ 40ರಿಂದ 8ಕ್ಕೆ ಇಳಿಯಿತು, ನೆದರೈಟ್‌ನಷ್ಟೇ. ಮಳೆಯಲ್ಲಿ ನೆನೆದರೆ ಮಾತ್ರ ಒಂದು ಬೀಸಿಗೆ ಸುತ್ತ ಇದ್ದವರನ್ನೆಲ್ಲ ಹಿಂದಕ್ಕೆ ದೂಡುತ್ತದೆ. ಈ ಐಡಿಯಾ ಕದ್ದದ್ದು. ಆಟದ ತ್ರಿಶೂಲಕ್ಕೆ ರಿಪ್‌ಟೈಡ್ ಮಂತ್ರ ಹಾಕಿದರೆ ನೀರಲ್ಲಿ, ಮಳೆಯಲ್ಲಿ ಮಾತ್ರ ನಮ್ಮನ್ನು ಹಾರಿಸುತ್ತದೆ. ಮರುಭೂಮಿಯಲ್ಲಿ ಮಳೆ ಇಲ್ಲ, ಅಲ್ಲಿ ಹಳೆಯ ಕತ್ತಿಯೇ ಗತಿ.

ಒಂದು ತೊಂದರೆ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಆಟದಲ್ಲಿ ರಾತ್ರಿ ಎಲ್ಲರೂ ಮಲಗಿದರೆ ಬೆಳಗಾಗುತ್ತದೆ, ಮಳೆಯೂ ನಿಲ್ಲುತ್ತದೆ. ಒಬ್ಬ ಮಲಗದಿದ್ದರೂ ಇಲ್ಲ. ಕತ್ತಿ ಸಿಕ್ಕವನು ಈಗ ಮಲಗುವುದೇ ಇಲ್ಲ. ಉಳಿದ ಮೂವರು ಹಾಸಿಗೆಯಲ್ಲಿ ಬಿದ್ದುಕೊಂಡು ಅವನಿಗೆ ಬೈಯುತ್ತಿದ್ದಾರೆ. ಸರ್ವರ್ ಅಂತೂ ಖಾಲಿ ಇಲ್ಲ.